ಕೊಡಚಾದ್ರಿ ಚಾರಣ: ಬೆಟ್ಟಕ್ಕೊಂದು ಹಗಲು, ಹಿನ್ನೀರಿಗೊಂದು ರಾತ್ರಿ

ಮಳೆ ಹೊಳವಾದ ಬೆಳಿಗ್ಗೆ ಬೈಂದೂರು, ಕುಂದಾಪುರದ ಗದ್ದೆ ಬಯಲಿನಲ್ಲಿ ನಿಂತು ಮೂಡು ದಿಕ್ಕಿಗೆ ಕಣ್ಣು ಹಾಯಿಸಿದರೆ ಘಟ್ಟದ ಸಾಲಿನಲ್ಲಿ ಎದ್ದು ಕಾಣುವುದು ಕೊಡಚಾದ್ರಿ. ಎತ್ತರ 1,343 ಮೀಟರ್. ತುದಿ ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿಗೆ ಸೇರಿದ್ದರೂ ಬುಡದಲ್ಲಿರುವ ಕೊಲ್ಲೂರು ಬೈಂದೂರು ತಾಲ್ಲೂಕಿನದು. ಬೆಳಿಗ್ಗೆ ಮೂಕಾಂಬಿಕೆಯ ದರ್ಶನ, ಆಮೇಲೆ ಜೀಪು, ಸರ್ವಜ್ಞ ಪೀಠದ ಮುಂದೊಂದು ಫೋಟೊ, ರಾತ್ರಿ ಊಟಕ್ಕೆ ಮನೆ. ಇಷ್ಟಕ್ಕೆ ಯೋಜನೆ ಗೀಜನೆ ಏನೂ ಬೇಡ. ಆದರೆ ನಡೆದೇ ಹತ್ತಿ, ಆಚೆ ಮಗ್ಗುಲಿಗೆ ಇಳಿದು, ಶರಾವತಿ ಹಿನ್ನೀರಿನ ದಡದಲ್ಲಿ ಒಂದು ರಾತ್ರಿ ಉಳಿದು, ಇನ್ನೊಂದು ಘಟ್ಟದಲ್ಲಿ ಊರಿಗೆ ಇಳಿಯಬೇಕು ಎಂದಿದ್ದರೆ ಮೊದಲು ನೀರಿನ ಲೆಕ್ಕ ಹಾಕಬೇಕು. ರಜೆಯ ಲೆಕ್ಕ ಆಮೇಲೆ.

ಆಲ್ಪ್ಸ್ ಪರ್ವತದ ಚಾರಣಿಗರಿಗೆ ಸರೋವರ ಎಂದರೆ ಹಿಮನದಿ ಕೊರೆದ ಕುಳಿ. ಬೇಸಿಗೆಯಲ್ಲಿ ಹಿಮ ಕರಗಿ ಅದು ತುಂಬುತ್ತದೆ. ಬೇಸಿಗೆಯೇ ಅವರ ನಡಿಗೆಯ ಕಾಲವೂ ಹೌದು. ನಮ್ಮ ಸಹ್ಯಾದ್ರಿಯಲ್ಲಿ ಹಿಮನದಿ ಹರಿದದ್ದೇ ಇಲ್ಲ, ಹಾಗಾಗಿ ಅಂಥ ಸರೋವರಗಳೂ ಇಲ್ಲ. ಕೊಡಚಾದ್ರಿಯ ಆಚೆ ಬದಿಯಲ್ಲಿ ಹರಡಿರುವ ನೀರು 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದ ಮೇಲೆ ನಿಂತದ್ದು. ಅದರ ಗರಿಷ್ಠ ಮಟ್ಟ ಸಮುದ್ರದಿಂದ 1,819 ಅಡಿ, ತುಂಬಿದಾಗ ಸುಮಾರು 151 ಟಿಎಂಸಿ ನೀರು. ಆ ನೀರಿನ ಕೆಲಸ ವಿದ್ಯುತ್ ಉತ್ಪಾದನೆ. ಮಳೆಗಾಲದಲ್ಲಿ ಏರಿದ್ದನ್ನು ಬೇಸಿಗೆಯುದ್ದಕ್ಕೂ ಇಳಿಸುತ್ತಾರೆ. ಅಕ್ಟೋಬರಿನಲ್ಲಿ ಮರದ ಬೇರು ತೊಳೆಯುತ್ತಿದ್ದ ನೀರು ಮೇ ತಿಂಗಳಿಗೆ ಎಷ್ಟೋ ದೂರ ಸರಿದು, ನಡುವೆ ಬಿರಿದ ಕೆಸರು, ಒಣಗಿದ ಮರದ ಬೊಡ್ಡೆಗಳು ಮಾತ್ರ ಉಳಿದಿರುತ್ತವೆ. ಆಗಸ್ಟಿನಲ್ಲಿ ತೆಗೆದ ಫೋಟೊ ನೋಡಿ ಏಪ್ರಿಲಿನಲ್ಲಿ ಕೋಣೆ ಕಾದಿರಿಸುವವರು ಮೋಸ ಹೋಗುವುದು ಇಲ್ಲಿಯೇ. ಮಟ್ಟ ತೀರ ಇಳಿದರೆ ಹಸಿರುಮಕ್ಕಿಯಂಥ ಕಡವಿನಲ್ಲಿ ಲಾಂಚ್ ಕೂಡ ನಿಲ್ಲುತ್ತದೆ.

ಹಾಗಾದರೆ ಯಾವಾಗ ಹೋಗಬೇಕು? ದೀಪಾವಳಿ ಕಳೆದ ಮೇಲೆ, ಕೋಟೇಶ್ವರದ ಕೊಡಿಹಬ್ಬದ ಆಸುಪಾಸಿನ ಒಳಗೆ ಎನ್ನುವುದು ನನ್ನ ಖಚಿತ ಅಭಿಪ್ರಾಯ. ಕ್ಯಾಲೆಂಡರಿನಲ್ಲಿ ಅದು ಸುಮಾರಾಗಿ ನವೆಂಬರ್ ಮತ್ತು ಡಿಸೆಂಬರಿನ ಮೊದಲ ದಿನಗಳು. ಅಷ್ಟು ಹೊತ್ತಿಗೆ ಜಡಿಮಳೆ ನಿಂತಿರುತ್ತದೆ, ತೊರೆಗಳಲ್ಲಿ ನೀರು ಉಳಿದಿರುತ್ತದೆ, ಉಂಬಳಗಳ ಕಾಟ ಕಡಿಮೆಯಾಗಿರುತ್ತದೆ, ತುದಿಯ ಹುಲ್ಲು ಇನ್ನೂ ಹಸಿರು. ಒಳ್ಳೆಯ ಮಳೆಯಾದ ವರ್ಷ ಹಿನ್ನೀರು ಅಂಚಿಗೆ ಮುಟ್ಟಿರುತ್ತದೆ. ನವರಾತ್ರಿಯಲ್ಲಿ ಕೊಲ್ಲೂರಿಗೆ ಬರುವ ಜನಸಾಗರವೂ ಕರಗಿರುತ್ತದೆ. ವಿಜಯದಶಮಿಯ ವಿದ್ಯಾರಂಭದ ಹೊತ್ತಿಗೆ ಅಲ್ಲಿ ಕೋಣೆ ಹುಡುಕುವುದಕ್ಕಿಂತ ಬೆಟ್ಟ ಹತ್ತುವುದೇ ಸುಲಭ.

ಮಳೆಗಾಲದ ಚಾರಣಕ್ಕೆ ಈಗ ಮರುಳಾಗುವವರು ಬಹಳ. ಮಂಜು, ಝರಿ, ಹಸಿರು ಎಲ್ಲ ನಿಜ. ಆದರೆ 2023ರ ಜುಲೈನಲ್ಲಿ ಕೊಲ್ಲೂರು ಹತ್ತಿರದ ಅರಶಿನಗುಂಡಿ ಜಲಪಾತದ ಬಂಡೆಯ ಮೇಲೆ ನಿಂತಿದ್ದ ಯುವಕನೊಬ್ಬ ಕಾಲು ಜಾರಿ ಪ್ರಾಣ ಕಳೆದುಕೊಂಡ. ಜೊತೆಯಲ್ಲಿದ್ದವರು ವಿಡಿಯೊ ತೆಗೆಯುತ್ತಿದ್ದರು. ಹಾವಸೆ ಕಟ್ಟಿದ ಕಲ್ಲಿಗೆ ಯಾವ ಬೂಟೂ ನಿಲ್ಲುವುದಿಲ್ಲ. ಘಟ್ಟದ ಮೇಲೆ ಸುರಿದ ಮಳೆ ಕೆಳಗಿನ ಹಳ್ಳದಲ್ಲಿ ಏರುವುದಕ್ಕೆ ಬಹಳ ಹೊತ್ತು ಬೇಡ.

ಡಿಸೆಂಬರ್ ದಾಟಬೇಡಿ ಎನ್ನುವುದಕ್ಕೆ ಇನ್ನೊಂದು ಕಾರಣವಿದೆ, ಅದನ್ನು ಪ್ರವಾಸದ ಪುಸ್ತಕಗಳು ಸಾಮಾನ್ಯವಾಗಿ ಹೇಳುವುದಿಲ್ಲ. ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ವೈರಸ್ ಜ್ವರ ಉಣುಗುಗಳಿಂದ ಹರಡುತ್ತದೆ. ಒಣ ಎಲೆಗಳ ನಡುವೆ ಉಣುಗಿನ ಮರಿಗಳು ಹೆಚ್ಚುವುದು ಡಿಸೆಂಬರಿನಿಂದ ಮೇವರೆಗೆ. ಕಾಯಿಲೆಯ ಕಾಲವೂ ಅದೇ. 2019ರ ಮೊದಲ ತಿಂಗಳುಗಳಲ್ಲಿ ಹಿನ್ನೀರಿಗೆ ಹತ್ತಿರದ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಮುತ್ತ ಅದು ಹಲವರ ಜೀವ ತೆಗೆದಿತ್ತು. ಆ ತಿಂಗಳುಗಳಲ್ಲಿ ಹೋಗಲೇಬೇಕಿದ್ದರೆ ಕಾಲ್ಚೀಲದೊಳಗೆ ಪ್ಯಾಂಟು ತುರುಕಿ, ತುಂಬುತೋಳಿನ ಅಂಗಿ ಹಾಕಿ, ತರಗೆಲೆಯ ಮೇಲೆ ಕೂರಬೇಡಿ. ಸತ್ತ ಮಂಗ ಕಂಡರೆ ಹತ್ತಿರ ಸುಳಿಯದೆ ಆರೋಗ್ಯ ಇಲಾಖೆಯವರಿಗೆ ತಿಳಿಸಿ. ಉಳಿಯುವ ಮನೆ ಸೇರಿದ ಕೂಡಲೆ ಬಿಸಿನೀರಿನಲ್ಲಿ ಮಿಂದು ಮೈಯೆಲ್ಲ ನೋಡಿಕೊಳ್ಳಿ. ಊರಿಗೆ ಮರಳಿದ ಒಂದೆರಡು ವಾರದಲ್ಲಿ ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ಡಾಕ್ಟರಿಗೆ ಮೊದಲೇ ಹೇಳಿ. ಫೆಬ್ರವರಿ ಆಚೆಗೆ ಹುಲ್ಲು ಒಣಗಿ ಕಾಳ್ಗಿಚ್ಚಿನ ಭಯವೂ ಸೇರಿಕೊಳ್ಳುತ್ತದೆ.

ಹೋಗುವ ದಾರಿ ನಮಗೆ ಗೊತ್ತಿರುವುದೇ. ಬ್ರಹ್ಮಾವರದವರು ಬಾರ್ಕೂರಿನಲ್ಲಿ ರೈಲು ಹತ್ತಿ ‘ಮೂಕಾಂಬಿಕಾ ರೋಡ್ ಬೈಂದೂರು’ ನಿಲ್ದಾಣದಲ್ಲಿ ಇಳಿಯಬಹುದು. ಕುಂದಾಪುರದಿಂದ ಹೆಮ್ಮಾಡಿ, ವಂಡ್ಸೆ ಮಾರ್ಗವಾಗಿ ಬಸ್ಸಿದೆ. ಹಿಂದಿನ ಸಂಜೆಯೇ ಕೊಲ್ಲೂರು ಸೇರಿಕೊಳ್ಳುವುದು ಲೇಸು. ಸುತ್ತಲಿನ ಕಾಡು 1974ರಲ್ಲಿ ಘೋಷಣೆಯಾದ ಮೂಕಾಂಬಿಕಾ ಅಭಯಾರಣ್ಯ. ಅಲ್ಲಿ ಮನಸ್ಸು ಬಂದಲ್ಲಿ ಗುಡಾರ ಹೂಡುವುದು, ಬೆಂಕಿ ಹಾಕುವುದು ನಡೆಯದು. ರಾಜ್ಯದ ಚಾರಣ ದಾರಿಗಳಿಗೆ ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಮುಂಗಡ ಟಿಕೆಟ್ ಪಡೆಯುವ ವ್ಯವಸ್ಥೆ ಇದೆ, ದಿನಕ್ಕೆ ಇಷ್ಟೇ ಜನ ಎಂಬ ಮಿತಿಯೂ ಇದೆ. 2024ರ ಜನವರಿ ಕೊನೆಯಲ್ಲಿ ಕುಮಾರ ಪರ್ವತಕ್ಕೆ ಒಮ್ಮೆಲೇ ನುಗ್ಗಿದ ಜನಜಂಗುಳಿ ಕಂಡವರಿಗೆ ಈ ಮಿತಿ ಏಕೆಂದು ವಿವರಿಸಬೇಕಾಗಿಲ್ಲ. ದಾರಿ ತೆರೆದಿದೆಯೋ ಮುಚ್ಚಿದೆಯೋ ಎನ್ನುವುದನ್ನು ಅಲ್ಲಿಯೇ ನೋಡಿಕೊಳ್ಳಿ. ಅವರಿವರ ಬಾಯಿಮಾತು ನಂಬಿ ಹೊರಡಬೇಡಿ.

ಹತ್ತಲು ಮೂರು ದಾರಿ. ಕೊಲ್ಲೂರು–ನಾಗೋಡಿ ರಸ್ತೆಯಿಂದ ಕಾಡು ಹೊಕ್ಕು ವಳೂರಿನ ಮೂಲಕ ಹೋಗುವುದು ಕರಾವಳಿಯ ಚಾರಣಿಗರ ರೂಢಿಯ ದಾರಿ. ಮೊದಲು ನೆರಳು, ಆಮೇಲೆ ಬಯಲು ಏರು. ನಿಟ್ಟೂರಿನ ಕಡೆಯಿಂದ ಹಿಡ್ಲುಮನೆ ಜಲಪಾತದ ಮಗ್ಗುಲಲ್ಲೇ ಹತ್ತುವುದು ಚೆಲುವಿನಲ್ಲಿ ಮೊದಲನೆಯದು, ಜಾರುವುದರಲ್ಲೂ ಮೊದಲನೆಯದು. ಮೂರನೆಯದು ಕಟ್ಟಿನಹೊಳೆಯ ಜೀಪು ದಾರಿ. ವಳೂರಿನಿಂದ ಹತ್ತಿ ಕಟ್ಟಿನಹೊಳೆಗೆ ಇಳಿಯಿರಿ. ಇಳಿಯುವಾಗ ಮಂಡಿ ನೋವು ಬಂದವರು ಜೀಪಿನಲ್ಲಿ ಬರಬಹುದು, ಅದರಲ್ಲಿ ನಾಚಿಕೆಯೇನೂ ಇಲ್ಲ. ಆದರೆ ಆ ಜೀಪಿನ ಕುಲುಕಾಟ ಮಂಡಿಯ ಬದಲು ಸೊಂಟಕ್ಕೆ ಬರುತ್ತದೆ ಎನ್ನುವುದು ತಿಳಿದಿರಲಿ.

ಮೇಲೆ ಮೂಲ ಮೂಕಾಂಬಿಕಾ ದೇಗುಲದ ಬಳಿ ನೆಟ್ಟಗೆ ನಿಂತ ಕಬ್ಬಿಣದ ಕಂಬವನ್ನು ನಿಧಾನವಾಗಿ ನೋಡಿ. ಭಕ್ತರಿಗೆ ಅದು ದೇವಿಯ ತ್ರಿಶೂಲ. ದಿಲ್ಲಿಯ ಕಂಬದ ಹಾಗೆ ಇದನ್ನೂ ಲೋಹವಿಜ್ಞಾನಿಗಳು ಪರೀಕ್ಷಿಸಿ, ಹಳೆಯ ದೇಸಿ ಕುಲುಮೆಯ ವಿಧಾನದಲ್ಲಿ ತಯಾರಾದ ಕಬ್ಬಿಣವೆಂದು ಹೇಳಿದ್ದಾರೆ. ಕಬ್ಬಿಣದ ಅದಿರಿರುವ ಬೆಟ್ಟ ಇದು. ಅಲ್ಲಿಂದ ಸರ್ವಜ್ಞ ಪೀಠಕ್ಕೆ ಇನ್ನೂ ಏರಬೇಕು. ಬಾನು ತಿಳಿಯಾಗಿದ್ದರೆ ಪಡುವಣಕ್ಕೆ ಕಡಲು ಕಾಣುತ್ತದೆ. ಮಧ್ಯಾಹ್ನದ ಮೇಲೆ ಅಲ್ಲಿ ತಡೆಯಬೇಡಿ, ಕತ್ತಲಾಗುವ ಮುನ್ನ ಕಾಡು ಬಿಟ್ಟಿರಬೇಕು.

ಹಿನ್ನೀರಿನ ರಾತ್ರಿಗೆ ನಿಟ್ಟೂರು, ಸಂಪೆಕಟ್ಟೆ, ನಗರ ಈ ಸುತ್ತಿನ ಹೋಮ್‌ಸ್ಟೇಗಳಲ್ಲಿ ಮೊದಲೇ ಮಾತಾಡಿಟ್ಟುಕೊಳ್ಳಿ. ಕೇಳಬೇಕಾದ ಪ್ರಶ್ನೆ ಒಂದೇ: ಈಗ ನೀರು ಮನೆಯಿಂದ ಎಷ್ಟು ದೂರ ಇದೆ? ಈಜು ಬಲ್ಲವರೂ ಅಲ್ಲಿ ನೀರಿಗಿಳಿಯಬಾರದು. ಕೆರೆಯಂತೆ ಅದಕ್ಕೆ ಮೆಟ್ಟಿಲಾಗಲಿ ಸಮನಾದ ತಳವಾಗಲಿ ಇಲ್ಲ. ಅಡಿಯಲ್ಲಿ ಮುಳುಗಿದ ಗುಡ್ಡದ ಇಳಿಜಾರು, ಮರದ ಬೊಡ್ಡೆ, ಹೂಳು. ದೋಣಿ ಹತ್ತುವುದಾದರೆ ಲೈಫ್ ಜಾಕೆಟ್ ಇಲ್ಲದೆ ಹತ್ತಬೇಡಿ. ಆ ನೀರಿನಡಿ ಊರುಗಳಿದ್ದವು, ಅಡಿಕೆ ತೋಟಗಳಿದ್ದವು. ಮುಳುಗಡೆಯವರ ಮಕ್ಕಳು, ಮೊಮ್ಮಕ್ಕಳು ಈಗಲೂ ಜಮೀನಿನ ಹಕ್ಕುಪತ್ರಕ್ಕಾಗಿ ಅಲೆಯುತ್ತಿದ್ದಾರೆ. ಲಿಂಗನಮಕ್ಕಿಗಿಂತ ಹಿಂದೆ ಮಡೇನೂರಿನಲ್ಲಿ ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟೂ ಅದರಲ್ಲೇ ಮುಳುಗಿದೆ. ನೀರು ತೀರ ಇಳಿದ ಬೇಸಿಗೆಯಲ್ಲಿ ಅದು ಮೇಲೆದ್ದು ಕಾಣುತ್ತದೆ. ಬೇಸಿಗೆ ಪ್ರವಾಸಕ್ಕೆ ಸಮಾಧಾನವೆಂದರೆ ಅದೊಂದೇ.

ಸಿಗಂದೂರು ನೋಡುವ ಆಸೆಯಿದ್ದವರು ಕೊಲ್ಲೂರು ಕಡೆಯಿಂದಲೇ ರಸ್ತೆಯಲ್ಲಿ ಹೋಗಬಹುದು. ಅಲ್ಲಿಂದ ಸಾಗರಕ್ಕೆ ದಾಟಲು 2025ರ ಜುಲೈ 14ರಿಂದ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದಿದೆ.

ಮರಳುವಾಗ ಬಂದ ದಾರಿ ಬೇಡ. ನಗರದಲ್ಲಿ ಕೆಳದಿ ಅರಸರ ಬಿದನೂರು ಕೋಟೆ, ಸ್ವಲ್ಪ ದೂರದಲ್ಲಿ ದೇವಗಂಗೆಯ ಕಲ್ಲು ಕಟ್ಟಿದ ಕೊಳಗಳಿವೆ. 1763ರಲ್ಲಿ ಹೈದರಾಲಿ ಗೆದ್ದುಕೊಂಡ ಈ ರಾಜಧಾನಿಗೆ ಒಂದು ಬೆಳಗು ಕೊಡಿ. ಆಮೇಲೆ ಹುಲಿಕಲ್, ಬಾಳೆಬರೆ ಘಾಟಿ ಇಳಿದು ಹೊಸಂಗಡಿ, ಸಿದ್ದಾಪುರದ ಮೇಲೆ ಸಂಜೆಗೆ ಕುಂದಾಪುರ. ಮಳೆಗಾಲದಲ್ಲಿ ಈ ಘಾಟಿ ಕುಸಿದು ಸಂಚಾರ ನಿಲ್ಲುವುದುಂಟು. ಕೊನೆಯ ಬಸ್ಸಿನ ಹೊತ್ತು ನಗರದಲ್ಲೇ ವಿಚಾರಿಸಿಕೊಳ್ಳಿ.

ಚೀಲದಲ್ಲಿ ಒಬ್ಬರಿಗೆ ಮೂರು ಲೀಟರ್ ನೀರು, ಒಗ್ಗರಣೆ ಅವಲಕ್ಕಿ, ಬೆಲ್ಲ, ಬಾಳೆಹಣ್ಣು, ಉಂಬಳಕ್ಕೆ ಉಪ್ಪು ಕಟ್ಟಿದ ಬಟ್ಟೆಗಂಟು, ಟಾರ್ಚು, ಒಂದು ದಪ್ಪ ಅಂಗಿ ಸಾಕು. ತುದಿಯ ಗಾಳಿ ಕರಾವಳಿಯ ಮೈಗೆ ಚಳಿಯೇ. ಕಾಡಿನೊಳಗೆ ಮೊಬೈಲ್ ಸಿಗ್ನಲ್ ನೆಚ್ಚಿಕೊಳ್ಳಬೇಡಿ. ಯಾವ ದಾರಿ, ಯಾವಾಗ ವಾಪಸು ಎಂದು ಮನೆಯಲ್ಲಿ ಬರೆದಿಟ್ಟು ಹೊರಡಿ. ಲಿಂಗನಮಕ್ಕಿಯ ನೀರಿನ ಮಟ್ಟ ಪತ್ರಿಕೆಗಳಲ್ಲಿ ಬರುತ್ತದೆ. ಕೋಣೆಗೆ ಮುಂಗಡ ಕಟ್ಟುವ ಮೊದಲು ಅದನ್ನೊಮ್ಮೆ ನೋಡಿ, 1,819ಕ್ಕಿಂತ ಬಹಳ ಕೆಳಗಿದ್ದರೆ ಬೆಟ್ಟ ಮಾತ್ರ ಹತ್ತಿ ಬನ್ನಿ, ಹಿನ್ನೀರನ್ನು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಿ.