ಹದಿಹರೆಯದ ಮಕ್ಕಳಿಗೆ ಬರುವ ಸಕ್ಕರೆ ಕಾಯಿಲೆ



ಅಡಿಕೆಯ ಕೊಳೆರೋಗ, ಕಾಫಿಯ ಕಾಂಡಕೊರಕದ ಬಗ್ಗೆ ಇಲ್ಲಿ ಬರೆಯುವುದು ವಾಡಿಕೆ. ಈ ಸಲ ಮನೆಮಕ್ಕಳ ಕಾಯಿಲೆಯೊಂದರ ಬಗ್ಗೆ ಬರೆಯುತ್ತಿದ್ದೇವೆ.

ಬೇಲೂರು ಕಡೆಯ ನಮ್ಮ ಸದಸ್ಯರೊಬ್ಬರ ಹದಿನಾಲ್ಕು ವರ್ಷದ ಮಗಳು ಹಳೇಬೀಡಿನಲ್ಲಿ ಅಜ್ಜಿಯ ಮನೆಯಲ್ಲಿದ್ದು ಓದುತ್ತಿದ್ದಳು. ಕೊಯ್ಲಿನ ಕಾಲಕ್ಕೆ ಸೊರಗತೊಡಗಿದಳು. ರಾತ್ರಿ ನಾಲ್ಕು ಸಲ ಮೂತ್ರಕ್ಕೆ ಏಳುವುದು, ಚೊಂಬುಗಟ್ಟಲೆ ನೀರು ಕುಡಿಯುವುದು. ಬೆಳೆಯುವ ವಯಸ್ಸು, ತೆಳ್ಳಗಾಗುತ್ತಾಳೆ ಎಂದುಕೊಂಡರು. ಹೊಟ್ಟೆನೋವು, ವಾಂತಿ ಶುರುವಾದಾಗ ಯಾರೋ ಅಜೀರ್ಣಕ್ಕೆ ಔಷಧಿ ಕೊಟ್ಟರು. ಮಾರನೆಯ ದಿನ ಏದುಸಿರು ಬಿಡುತ್ತಿದ್ದವಳನ್ನು ಹಾಸನಕ್ಕೆ ಸಾಗಿಸಿದಾಗ ರಕ್ತದ ಸಕ್ಕರೆ 500 ದಾಟಿತ್ತು. ಹುಡುಗಿ ಉಳಿದಳು. ಹೆಸರು ಹೇಳದೆ ಬರೆಯಿರಿ ಎಂದು ತಂದೆಯೇ ನಮಗೆ ಹೇಳಿದರು.

ಇದು ನಮ್ಮಂಥ ಐವತ್ತು ದಾಟಿದವರಿಗೆ ಸಾಮಾನ್ಯವಾಗಿ ಬರುವ ಸಕ್ಕರೆ ಕಾಯಿಲೆಯಲ್ಲ. ವೈದ್ಯರು ಟೈಪ್ 1 ಎನ್ನುತ್ತಾರೆ. ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ಎಂಬ ಹಾರ್ಮೋನನ್ನು ತಯಾರಿಸುವ ಜೀವಕೋಶಗಳನ್ನು ದೇಹದ ಕಾವಲು ಪಡೆಯೇ ನಾಶಮಾಡುತ್ತದೆ. ಇನ್ಸುಲಿನ್ ಇಲ್ಲದಿದ್ದರೆ ಉಂಡದ್ದು ಮೈಗೆ ಹತ್ತುವುದಿಲ್ಲ, ಸಕ್ಕರೆ ರಕ್ತದಲ್ಲೇ ನಿಲ್ಲುತ್ತದೆ. ಆಗ ದೇಹ ತನ್ನ ಕೊಬ್ಬನ್ನೇ ಉರಿಸತೊಡಗಿ ರಕ್ತದಲ್ಲಿ ಆಮ್ಲ ಏರುತ್ತದೆ. ಆ ವಾಂತಿ, ಏದುಸಿರು ಅದರಿಂದಲೇ. ಬೆಲ್ಲ ತಿಂದದ್ದಕ್ಕೆ ಬಂದದ್ದಲ್ಲ. 'ನಮ್ಮ ವಂಶದಲ್ಲೇ ಇಲ್ಲ' ಎಂದು ಅಜ್ಜಿ ಅತ್ತರಂತೆ. ವಂಶದಲ್ಲಿ ಯಾರಿಗೂ ಇಲ್ಲದ ಮನೆಗಳಲ್ಲೇ ಇದು ಹೆಚ್ಚಾಗಿ ಕಾಣಿಸಿಕೊಳ್ಳುವುದು.

ಹಿಂದೆ ಇದು ಬಂದ ಮಕ್ಕಳು ಒಂದೆರಡು ವರ್ಷ ಬದುಕಿದರೆ ಹೆಚ್ಚು. 1922ರ ಜನವರಿಯಲ್ಲಿ ಕೆನಡಾದ ಟೊರಾಂಟೋದಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗನಿಗೆ ಮೊದಲ ಬಾರಿಗೆ ಇನ್ಸುಲಿನ್ ಚುಚ್ಚಿದರು. ಸಾಯುವಂತಿದ್ದವನು 1935ರ ತನಕ ಬದುಕಿದ. ಇಂದು ಸರಿಯಾಗಿ ನೋಡಿಕೊಂಡರೆ ಓದು, ಉದ್ಯೋಗ, ಮದುವೆ, ಮಕ್ಕಳು ಯಾವುದಕ್ಕೂ ಅಡ್ಡಿಯಿಲ್ಲ.

ಆದರೆ ಚುಚ್ಚುಮದ್ದನ್ನು ಒಂದು ದಿನವೂ ಬಿಡುವಂತಿಲ್ಲ. ಇಲ್ಲೇ ನಮಗೆ ಭಯ. ಚಿಕಿತ್ಸೆ ಶುರುವಾದ ಮೇಲೆ ಕೆಲವು ವಾರ, ಕೆಲವರಿಗೆ ಕೆಲವು ತಿಂಗಳು, ಉಳಿದ ಜೀವಕೋಶಗಳು ಚೇತರಿಸಿಕೊಂಡು ಇನ್ಸುಲಿನ್ ಸ್ವಲ್ಪವೇ ಸಾಕಾಗುತ್ತದೆ. ಅದೇ ಹೊತ್ತಿಗೆ ಯಾರಾದರೂ ಬೇರೋ ಕಷಾಯವೋ ಕೊಟ್ಟಿದ್ದರೆ ಹೆಸರು ಅವರಿಗೆ! ವಾಸಿಯಾಯಿತೆಂದು ಚುಚ್ಚುಮದ್ದು ನಿಲ್ಲಿಸುತ್ತಾರೆ. ಮಗು ಮತ್ತೆ ಆಸ್ಪತ್ರೆ ಸೇರುತ್ತದೆ, ಇಲ್ಲವೇ ಸೇರುವ ಮುನ್ನವೇ ಕೈಬಿಟ್ಟುಹೋಗುತ್ತದೆ.

ಇನ್ನೊಂದು ತೊಂದರೆ ಸಕ್ಕರೆ ತೀರ ಇಳಿಯುವುದು. ಊಟ ತಡವಾದರೆ, ತೋಟದ ಏರು ಹತ್ತಿಳಿದರೆ 70ಕ್ಕಿಂತ ಕೆಳಗಿಳಿದು ಬೆವರು, ನಡುಕ, ಮಂಕು ಬರಬಹುದು. ಕೂಡಲೇ ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಬೇಕು. ಕಾಲು ಗಂಟೆಯ ನಂತರ ಮತ್ತೆ ಪರೀಕ್ಷಿಸಬೇಕು. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಓಡಬೇಕು. ಮುಂದೆ ಸಂಬಂಧ ಕೂಡಿಬರದೆಂದು ಹೆಣ್ಣುಮಕ್ಕಳ ಕಾಯಿಲೆ ಮುಚ್ಚಿಡುವವರಿದ್ದಾರೆ. ಮೇಷ್ಟ್ರಿಗೇ ತಿಳಿಯದಿದ್ದರೆ ತರಗತಿಯಲ್ಲಿ ಬಿದ್ದ ಹುಡುಗಿಗೆ ಸಕ್ಕರೆ ಕೊಡುವವರು ಯಾರು?

ಬಳಸದ ಇನ್ಸುಲಿನ್ ಸೀಸೆಗಳನ್ನು ಫ್ರಿಜ್‌ನಲ್ಲಿ 2ರಿಂದ 8 ಡಿಗ್ರಿಯಲ್ಲಿಡಬೇಕು, ಹೆಪ್ಪುಗಟ್ಟಬಾರದು. ಅರಸೀಕೆರೆ ಕಡೆಯ ಬಿಸಿಲಿಗೆ, ಫ್ರಿಜ್ ಇಲ್ಲದ ಮನೆಯಲ್ಲಿ, ಮಡಕೆಯೊಳಗೆ ಮಡಕೆಯಿಟ್ಟು ನಡುವೆ ಒದ್ದೆ ಮರಳು ತುಂಬಿದರೆ ಸೀಸೆ ತಂಪಾಗಿರುತ್ತದೆ. ಬೇಲೂರು ಕಡೆ ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟು ಹೋಗುವುದು ಎಲ್ಲರಿಗೂ ಗೊತ್ತು. ಸಂಘದ ಕಚೇರಿಯ ಫ್ರಿಜ್ ಇನ್ವರ್ಟರ್ ಮೇಲೆ ನಡೆಯುತ್ತದೆ. ಅದರ ಒಂದು ಅರೆಯನ್ನು ತೆರವು ಮಾಡಿಸಿದ್ದೇವೆ. ಬೇಕಾದವರು ಸೀಸೆಗೆ ಹೆಸರು ಬರೆದು ತಂದಿಡಬಹುದು. ಭಾನುವಾರವೂ ಬೀಗದ ಕೈ ಕಾವಲುಗಾರನ ಬಳಿ ಇರುತ್ತದೆ.