ಗಾಳಿಯನ್ನು ಗೆಲ್ಲಲು ಗಾಲಿಗೊಂದು ಮುಚ್ಚಳ

ಓಡುತ್ತಿರುವ ಸೈಕಲನ್ನು ಪಕ್ಕದಿಂದ ಸೆರೆಹಿಡಿದ ಛಾಯಾಚಿತ್ರವೊಂದನ್ನು ಗಮನವಿಟ್ಟು ನೋಡಿದರೆ ಒಂದು ವಿಚಿತ್ರ ಗೋಚರಿಸುತ್ತದೆ. ಚಕ್ರದ ಕೆಳಭಾಗದ ಕಡ್ಡಿಗಳು ಎಣಿಸಬಹುದಾದಷ್ಟು ಸ್ಪಷ್ಟವಾಗಿರುತ್ತವೆ. ಮೇಲ್ಭಾಗದವು ಮಾತ್ರ ಮಸುಕಾಗಿ ಒಂದರೊಳಗೊಂದು ಬೆರೆತಿರುತ್ತವೆ. ಚಕ್ರ ಒಂದೇ, ಕಡ್ಡಿಗಳೂ ಒಂದೇ ಬಗೆಯವು. ಹಾಗಿದ್ದೂ ಈ ಭೇದವೇಕೆ? ಉರುಳುವ ಚಕ್ರವು ನೆಲವನ್ನು ಮುಟ್ಟುವ ಬಿಂದು ಆ ಕ್ಷಣದ ಮಟ್ಟಿಗೆ ನಿಶ್ಚಲವಾಗಿರುತ್ತದೆ. ನಡುವಿನ ಅಚ್ಚು ವಾಹನದ ವೇಗದಲ್ಲಿಯೇ ಸಾಗುತ್ತದೆ. ನೆತ್ತಿಯ ಬಿಂದುವಾದರೋ ವಾಹನದ ಇಮ್ಮಡಿ ವೇಗದಲ್ಲಿ ಮುನ್ನುಗ್ಗುತ್ತದೆ. ಗಂಟೆಗೆ 300 ಕಿಲೋಮೀಟರ್ ವೇಗದಲ್ಲಿ ಓಡುವ ಕಾರಿನ ಚಕ್ರದ ನೆತ್ತಿ 600 ಕಿಲೋಮೀಟರ್ ವೇಗದಲ್ಲಿ ಗಾಳಿಯನ್ನು ಸೀಳುತ್ತಿರುತ್ತದೆ ಎಂದಾಯಿತು.

ಗಾಳಿಯ ಪ್ರತಿರೋಧ ವೇಗದ ವರ್ಗಕ್ಕನುಸಾರವಾಗಿ ಏರುತ್ತದೆ. ವೇಗ ಎರಡರಷ್ಟಾದರೆ ತಡೆ ನಾಲ್ಕರಷ್ಟು. ಅದನ್ನು ಎದುರಿಸಲು ಎಂಜಿನ್ ಒದಗಿಸಬೇಕಾದ ಶಕ್ತಿ ಎಂಟರಷ್ಟು. ಗಂಟೆಗೆ 400 ಕಿಲೋಮೀಟರ್ ಓಡುವ ಕಾರನ್ನು 440ಕ್ಕೆ ಏರಿಸಬೇಕಾದರೆ ವೇಗದಲ್ಲಿ ಆಗುವ ಹೆಚ್ಚಳ ಶೇಕಡಾ 10 ಮಾತ್ರ. ಆದರೆ ಗಾಳಿಗೆ ತೆರಬೇಕಾದ ಶಕ್ತಿಯ ಹೆಚ್ಚಳ ಶೇಕಡಾ 33. ಇಂತಹ ಲೆಕ್ಕಾಚಾರದಲ್ಲಿ ಚಕ್ರವೇ ದೊಡ್ಡ ದುಂದುಗಾರ. ಕಡ್ಡಿಗಳೂ ರಂಧ್ರಗಳೂ ಇರುವ ಚಕ್ರವು ಉರುಳುವುದಷ್ಟೇ ಅಲ್ಲ, ಪಂಕದಂತೆ ಗಾಳಿಯನ್ನು ಕಡೆದು ಪಕ್ಕಕ್ಕೆ ಎಸೆಯುತ್ತಲೂ ಇರುತ್ತದೆ. ನಾವು ನಿತ್ಯ ಕಾಣುವ ಕಾರುಗಳಲ್ಲಿಯೂ ಒಟ್ಟು ಗಾಳಿತಡೆಯ ಸುಮಾರು ಕಾಲುಭಾಗ ಚಕ್ರಗಳಿಂದಲೂ ಅವುಗಳ ಗೂಡುಗಳಿಂದಲೂ ಬರುತ್ತದೆಂದು ತಜ್ಞರು ಲೆಕ್ಕ ಹಾಕಿದ್ದಾರೆ. ಚಕ್ರದ ಮುಖಕ್ಕೆ ನುಣುಪಾದ ತಟ್ಟೆಯೊಂದನ್ನು ತೊಡಿಸಿದರೆ ಕಡೆಯುವ ಈ ವ್ಯರ್ಥ ಕೆಲಸ ಬಹುಮಟ್ಟಿಗೆ ನಿಲ್ಲುತ್ತದೆ.

ಇಷ್ಟು ಸರಳವಾದ ಸಂಗತಿ ಮನುಷ್ಯನಿಗೆ ಸುಲಭವಾಗಿ ಹೊಳೆಯಲಿಲ್ಲ. 1899ರ ಏಪ್ರಿಲ್ 29ರಂದು ಬೆಲ್ಜಿಯಂನ ಕಾಮಿಲ್ ಜೆನಾಟ್ಸಿ ಪ್ಯಾರಿಸ್ ಸಮೀಪ ತನ್ನ ವಿದ್ಯುತ್ ಕಾರನ್ನು ಗಂಟೆಗೆ 105.88 ಕಿಲೋಮೀಟರ್ ವೇಗದಲ್ಲಿ ಓಡಿಸಿ, ನೂರರ ಗಡಿಯನ್ನು ದಾಟಿದ ಮೊದಲ ವಾಹನ ಚಾಲಕನೆನಿಸಿದನು. ಆ ಕಾರಿನ ಒಡಲು ಚುಟ್ಟಾದಂತೆ ಎರಡೂ ಕಡೆ ಚೂಪಾಗಿತ್ತು. ಆದರೆ ಅದರ ಮೇಲೆ ಜೆನಾಟ್ಸಿ ಎದೆಯೆತ್ತಿ ಕುಳಿತಿದ್ದನು, ಕೆಳಗೆ ನಾಲ್ಕೂ ಚಕ್ರಗಳು ಬಯಲಲ್ಲಿದ್ದವು. ಗಾಳಿಯನ್ನು ಸೀಳುವುದಕ್ಕೆಂದು ರೂಪಿಸಿದ ಒಡಲಿನ ಲಾಭವನ್ನು ಚಾಲಕನೂ ಚಕ್ರಗಳೂ ಹಂಚಿಕೊಂಡು ತಿಂದುಹಾಕಿದರು ಎನ್ನಬಹುದು. ವಿದ್ಯುತ್ ಕಾರು ನಿನ್ನೆ ಮೊನ್ನೆಯದೆಂದು ಭಾವಿಸುವವರಿಗೆ ಈ ಇಸವಿಯನ್ನು ನೆನಪಿಸುವುದು ಒಳ್ಳೆಯದು.

ಮುಂದಿನ ಅರ್ಧ ಶತಮಾನದಲ್ಲಿ ಚಕ್ರಗಳು ಒಂದೊಂದಾಗಿ ಒಡಲಿನೊಳಗೆ ಅಡಗಿದವು. 1927ರ ಮಾರ್ಚ್‌ನಲ್ಲಿ ಹೆನ್ರಿ ಸೀಗ್ರೇವ್ ಅಮೆರಿಕದ ಡೇಟೋನಾ ಕಡಲತೀರದಲ್ಲಿ ಗಂಟೆಗೆ 203.79 ಮೈಲಿ ವೇಗ ಸಾಧಿಸಿದ ಸನ್‌ಬೀಮ್ ಕಾರಿನ ಅಗಲವಾದ ಕವಚವು ಚಕ್ರಗಳನ್ನೂ ಬಹುಪಾಲು ಮರೆಮಾಡಿತ್ತು. ರೀಡ್ ರೈಲ್ಟನ್ ವಿನ್ಯಾಸಗೊಳಿಸಿದ ಕಾರಿನಲ್ಲಿ ಜಾನ್ ಕಾಬ್ 1947ರ ಸೆಪ್ಟೆಂಬರ್ 16ರಂದು ಬಾನ್‌ವಿಲ್‌ನ ಉಪ್ಪಿನ ಬಯಲಿನಲ್ಲಿ ಓಡಿದಾಗ ನಾಲ್ಕೂ ಚಕ್ರಗಳು ಪೂರ್ತಿ ಕವಚದೊಳಗಿದ್ದವು. ಹೊರಗಿನಿಂದ ನೋಡುವವರಿಗೆ ಅದು ಆಮೆಯ ಚಿಪ್ಪೊಂದು ಜಾರಿ ಹೋದಂತಿತ್ತು. ಒಂದು ದಿಕ್ಕಿನಲ್ಲಿ ಆತ 403 ಮೈಲಿಯ ವೇಗ ಮುಟ್ಟಿದನು. ಆದರೂ ದಾಖಲೆ ಪುಸ್ತಕದಲ್ಲಿ ಬರೆಯಲಾದದ್ದು 394.19 ಮೈಲಿ ಮಾತ್ರ. ಬೆನ್ನಗಾಳಿಯ ನೆರವನ್ನು ಕಳೆಯುವುದಕ್ಕಾಗಿ ಒಂದು ಗಂಟೆಯೊಳಗೆ ಎರಡೂ ದಿಕ್ಕಿನಲ್ಲಿ ಓಡಿ ಸರಾಸರಿ ತೆಗೆಯಬೇಕೆಂಬುದು ನಿಯಮ. ಇದು ನ್ಯಾಯವಾದ ನಿಯಮವೇ ಸರಿ.

ಬಾನ್‌ವಿಲ್ ಅಮೆರಿಕದ ಯೂಟಾ ರಾಜ್ಯದಲ್ಲಿದೆ. ಬತ್ತಿಹೋದ ಪುರಾತನ ಸರೋವರವೊಂದು ಬಿಟ್ಟುಹೋದ ಬಿಳಿಯ ಉಪ್ಪಿನ ಬಯಲು ಅದು. ಅಲ್ಲಿ 1949ರಿಂದ ನಡೆದುಬಂದಿರುವ ವೇಗ ಸಪ್ತಾಹಕ್ಕೆ ಬರುವವರಲ್ಲಿ ಹೆಚ್ಚಿನವರು ಶ್ರೀಮಂತರಲ್ಲ; ಮನೆಯ ಹಿತ್ತಿಲಿನ ಕೊಟ್ಟಿಗೆಯಲ್ಲಿ ಕಾರು ಕಟ್ಟುವ ಸಾಮಾನ್ಯರು. ಎರಡನೆಯ ಮಹಾಯುದ್ಧ ಮುಗಿದಾಗ ಬಿಲ್ ಬರ್ಕ್ ಎಂಬಾತ ಯುದ್ಧವಿಮಾನಗಳ ಹೊಟ್ಟೆಯಡಿ ತೂಗುವ ಹನಿಯಾಕಾರದ ಇಂಧನ ತೊಟ್ಟಿಯನ್ನು ಗುಜರಿಯ ಬೆಲೆಗೆ ಕೊಂಡು, ಅದಕ್ಕೆ ಎಂಜಿನನ್ನೂ ಚಕ್ರಗಳನ್ನೂ ಜೋಡಿಸಿ ಓಡಿಸಿದನು. ಈ ಬಗೆಯ ಕಾರಿಗೆ ‘ಲೇಕ್‌ಸ್ಟರ್’ ಎಂಬ ಹೆಸರು ನಿಂತಿತು. ಇದರ ಚಕ್ರಗಳು ಕವಚದ ಹೊರಗೇ ಇರಬೇಕು. ಚಕ್ರಗಳನ್ನು ಕವಚದೊಳಗೆ ಸೇರಿಸಿದರೆ ಅದು ‘ಸ್ಟ್ರೀಮ್‌ಲೈನರ್’ ಎಂಬ ಬೇರೆಯೇ ವರ್ಗಕ್ಕೆ ಹೋಗುತ್ತದೆ. ಹಾಗಾಗಿ ಲೇಕ್‌ಸ್ಟರ್ ಕಟ್ಟುವವನಿಗೆ ಚಕ್ರವನ್ನು ಮರೆಮಾಡುವಂತಿಲ್ಲ, ಬೋಳಾಗಿ ಬಿಡಲೂ ಮನಸ್ಸಿಲ್ಲ. ಈ ಇಕ್ಕಟ್ಟಿನಲ್ಲಿ ಕೈಹಿಡಿದದ್ದು ಚಕ್ರದೊಂದಿಗೇ ತಿರುಗುವ ಅಲ್ಯೂಮಿನಿಯಂ ತಟ್ಟೆ. ಕ್ಯಾಲಿಫೋರ್ನಿಯಾದ ಡೀನ್ ಮೂನ್ ಮಾರಿದ ತಟ್ಟೆಗಳು ಎಷ್ಟು ಪ್ರಸಿದ್ಧವಾದವೆಂದರೆ ‘ಮೂನ್ ಡಿಸ್ಕ್’ ಎಂಬುದೇ ಅಂತಹ ತಟ್ಟೆಗಳ ಸಾಮಾನ್ಯ ಹೆಸರಾಯಿತು. ಹುಣ್ಣಿಮೆಯ ಚಂದ್ರನಂತೆ ಉಬ್ಬಿದ ಆ ಹೊಳೆಯುವ ತಟ್ಟೆಗೆ ಅವನ ಮನೆತನದ ಹೆಸರು ಹೊಂದಿಕೊಂಡದ್ದು ಕಾಕತಾಳೀಯ.

ಚಕ್ರದ ಮೇಲೆ ಇರುವುದು ಚಕ್ರದ ಅಂಗವೋ ಅಥವಾ ಅದಕ್ಕೆ ಹೊದಿಸಿದ ಹೊದಿಕೆಯೋ ಎಂಬ ಪ್ರಶ್ನೆ ಬೇರೆ ಕ್ರೀಡೆಗಳನ್ನೂ ಕಾಡಿದೆ. 1984ರ ಜನವರಿಯಲ್ಲಿ ಇಟಲಿಯ ಫ್ರಾನ್ಸೆಸ್ಕೊ ಮೋಸರ್ ಮೆಕ್ಸಿಕೊ ನಗರದಲ್ಲಿ ಕಡ್ಡಿಗಳಿಲ್ಲದ ತಟ್ಟೆಚಕ್ರದ ಸೈಕಲ್ ತುಳಿದು ಒಂದು ಗಂಟೆಯಲ್ಲಿ 51.151 ಕಿಲೋಮೀಟರ್ ಕ್ರಮಿಸಿದನು. ಎಡ್ಡಿ ಮೆರ್ಕ್ಸ್ 1972ರಲ್ಲಿ ಸ್ಥಾಪಿಸಿದ್ದ ದಾಖಲೆ 49.431. ಸೈಕಲ್ ಸ್ಪರ್ಧೆಯ ನಿಯಮವು ಗಾಳಿ ತಪ್ಪಿಸುವ ಹೊದಿಕೆಗಳನ್ನು ನಿಷೇಧಿಸುತ್ತದೆ, ಆದರೆ ಭಾರ ಹೊರುವ ತಟ್ಟೆಯೇ ಚಕ್ರವಾಗಿದ್ದರೆ ಅದನ್ನು ಹೊದಿಕೆಯೆನ್ನಲಾಗದು. ಫಾರ್ಮುಲಾ ಒನ್‌ನ ಕತೆ ಇನ್ನೂ ಸ್ವಾರಸ್ಯಕರ. ಅಲ್ಲಿ 2010ರಿಂದ ಚಕ್ರದ ಮುಚ್ಚಳಗಳನ್ನು ನಿಷೇಧಿಸಲಾಯಿತು. 2022ರಲ್ಲಿ ಅವನ್ನೇ ಎಲ್ಲ ತಂಡಗಳಿಗೂ ಕಡ್ಡಾಯಗೊಳಿಸಲಾಯಿತು. ಒಂದೇ ವಸ್ತು ಹನ್ನೆರಡು ವರ್ಷಗಳ ಅಂತರದಲ್ಲಿ ಅಪರಾಧವೂ ಕರ್ತವ್ಯವೂ ಆದ ದೃಷ್ಟಾಂತ ಕಾನೂನಿನ ಚರಿತ್ರೆಯಲ್ಲಿಯೂ ಅಪರೂಪ.

ಮುಚ್ಚಳಕ್ಕೆ ಅಪಾಯಗಳೂ ಇವೆ. ಗಂಟೆಗೆ 320 ಕಿಲೋಮೀಟರ್ ವೇಗದಲ್ಲಿ ಸಾಧಾರಣ ಅಳತೆಯ ಚಕ್ರವೊಂದು ಸೆಕೆಂಡಿಗೆ ಸುಮಾರು 40 ಸುತ್ತು ತಿರುಗುತ್ತದೆ. ಆಗ ತಟ್ಟೆಯ ಅಂಚಿನಲ್ಲಿರುವ 5 ಗ್ರಾಂ ತೂಕದ ತಿರುಪುಮೊಳೆ 6 ಕಿಲೋ ಭಾರವಿದ್ದಂತೆ ಹೊರಕ್ಕೆ ಎಳೆಯುತ್ತದೆ. ಆದುದರಿಂದಲೇ ವೇಗದ ಓಟದಲ್ಲಿ ತಟ್ಟೆಯನ್ನು ಸುಮ್ಮನೆ ಒತ್ತಿ ಕೂರಿಸುವುದಿಲ್ಲ, ತಿರುಪು ಹಾಕಿ ಬಿಗಿಯುತ್ತಾರೆ. ಎರಡನೆಯದು ಅಡ್ಡಗಾಳಿ. ಕರ್ಕಾಟಕದ ಮಳೆಯಲ್ಲಿ ಕೊಡೆಯನ್ನು ಗಾಳಿಗೆ ಅಡ್ಡ ಹಿಡಿದವರಿಗೆ ಇದನ್ನು ಬೇರೆ ವಿವರಿಸಬೇಕಾಗಿಲ್ಲ. ಕಡ್ಡಿಗಳ ನಡುವೆ ನುಸುಳಿಹೋಗುತ್ತಿದ್ದ ಗಾಳಿ ತಟ್ಟೆಯನ್ನು ಒತ್ತಿ ತಳ್ಳುತ್ತದೆ. ಸೈಕಲಿನ ಮುಂದಿನ ಚಕ್ರಕ್ಕೆ ತಟ್ಟೆಯನ್ನು ಬಯಲಿನಲ್ಲಿ ಸಾಮಾನ್ಯವಾಗಿ ಬಳಸದಿರುವುದು ಇದಕ್ಕಾಗಿಯೇ.

ವೇಗ ಇನ್ನೂ ಏರಿದಾಗ ಮುಚ್ಚಳದ ಪ್ರಶ್ನೆಯೇ ಅಳಿದುಹೋಗುತ್ತದೆ. 1997ರ ಅಕ್ಟೋಬರ್ 15ರಂದು ಆಂಡಿ ಗ್ರೀನ್ ‘ಥ್ರಸ್ಟ್ ಎಸ್‌ಎಸ್‌ಸಿ’ ಕಾರಿನಲ್ಲಿ ಗಂಟೆಗೆ 1,227.985 ಕಿಲೋಮೀಟರ್ ವೇಗದಲ್ಲಿ ಓಡಿ ನೆಲದ ಮೇಲೆ ಶಬ್ದದ ವೇಗವನ್ನು ಮೀರಿದನು. ಆ ಕಾರಿಗೆ ಟಯರುಗಳಿರಲಿಲ್ಲ. ಇಡೀ ಚಕ್ರವೇ ಅಲ್ಯೂಮಿನಿಯಂನ ಘನ ಬಿಲ್ಲೆ. ಗಂಟೆಗೆ 1,600 ಕಿಲೋಮೀಟರ್ ಗುರಿಯಿಟ್ಟು ಕಟ್ಟಿದ ‘ಬ್ಲಡ್‌ಹೌಂಡ್’ ಕಾರಿನ 90 ಸೆಂಟಿಮೀಟರ್ ವ್ಯಾಸದ ಚಕ್ರದ ಅಂಚಿನಲ್ಲಿ, ಆ ವೇಗ ಮುಟ್ಟಿದರೆ, 1 ಗ್ರಾಂ ಲೋಹ ಸುಮಾರು 45 ಕಿಲೋ ತೂಗಿದಂತಾಗುವುದು. ಅಲ್ಲಿ ರಬ್ಬರು ಉಳಿಯಲಾರದು.

ಗಾಳಿಯ ಈ ನಡವಳಿಕೆಯ ಅಧ್ಯಯನದಲ್ಲಿ ಬೆಂಗಳೂರಿಗೆ ದೊಡ್ಡ ಸ್ಥಾನವಿದೆ. ಯಾವುದೇ ಮೇಲ್ಮೈಗೆ ಅಂಟಿಕೊಂಡು ಹರಿಯುವ ಗಾಳಿಯ ತೆಳ್ಳನೆಯ ಪದರವನ್ನು ಕನ್ನಡದಲ್ಲಿ ‘ಗಡಿಪದರ’ ಎನ್ನಬಹುದು. ಗಡಿನಾಡಿನ ಓದುಗರಿಗೆ ಈ ಮಾತು ಬೇಗ ರುಚಿಸೀತು: ಒಳಗಿನ ಶಾಂತಿ ಕೆಟ್ಟು ಸುಳಿಗಳೇಳುವುದು ಮೊದಲು ಗಡಿಯಲ್ಲಿಯೇ. ಆ ಪದರದ ಉಜ್ಜುವಿಕೆಯನ್ನು ನೇರವಾಗಿ ಅಳೆಯುವ ಸಂಶೋಧನೆ ಮಾಡಿ 1951ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದವರು ಸತೀಶ್ ಧವನ್. ಅವರ ಶಿಷ್ಯರಾದ ರೊದ್ದಂ ನರಸಿಂಹ ಬೆಂಗಳೂರಿನವರು, ಕನ್ನಡದಲ್ಲಿ ವಿಜ್ಞಾನ ಬರೆದ ಭೌತಶಾಸ್ತ್ರದ ಅಧ್ಯಾಪಕ ಆರ್. ಎಲ್. ನರಸಿಂಹಯ್ಯನವರ ಮಗ. ಶಾಂತವಾದ ಪದರ ಯಾವ ಕ್ರಮದಲ್ಲಿ ಕದಡುತ್ತದೆ ಎಂಬುದನ್ನು ಗುರುಶಿಷ್ಯರಿಬ್ಬರೂ 1958ರ ಪ್ರಬಂಧವೊಂದರಲ್ಲಿ ವಿವರಿಸಿದರು. ಇಂದಿಗೂ ಜಗತ್ತಿನ ವಿದ್ವಾಂಸರು ಅದನ್ನು ಉಲ್ಲೇಖಿಸುತ್ತಾರೆ. ವಿಜ್ಞಾನ ಸಂಸ್ಥೆಯಲ್ಲಿರುವ 14 ಅಡಿ ಅಗಲ 9 ಅಡಿ ಎತ್ತರದ ಗಾಳಿಸುರಂಗ ಆ ಪರಂಪರೆಗೆ ಸೇರಿದ್ದು.

ಇದೆಲ್ಲ ದೂರದ ಮಾತೆಂದು ಕಾಸರಗೋಡಿನವರು ತಳ್ಳಿಹಾಕಬೇಕಿಲ್ಲ. 2023ರಿಂದ ಇಲ್ಲಿಂದ ತಿರುವನಂತಪುರಕ್ಕೆ ಹೊರಡುವ ವಂದೇ ಭಾರತ್ ರೈಲಿನ ಚೂಪು ಮೂತಿ ಇದೇ ಶಾಸ್ತ್ರದ ಕೂಸು. ತಲಪಾಡಿಯಿಂದ ಚೆಂಗಳದವರೆಗೆ ಆರು ಪಥವಾದ ಹೆದ್ದಾರಿಯಲ್ಲಿ ಸಾಗುವ ವಿದ್ಯುತ್ ಕಾರುಗಳ ಚಕ್ರಗಳು ಬಹುಮಟ್ಟಿಗೆ ಮುಚ್ಚಿದಂತಿರುವುದನ್ನೂ ಗಮನಿಸಬಹುದು. ಬ್ಯಾಟರಿಯ ಪ್ರತಿಯೊಂದು ಕಿಲೋಮೀಟರ್ ಅಲ್ಲಿ ಅಮೂಲ್ಯ.

ಅದೇ ಹೆದ್ದಾರಿ ಹರೆಯದ ಮಕ್ಕಳನ್ನು ಬೇರೊಂದು ಬಗೆಯಲ್ಲಿಯೂ ಕರೆಯುತ್ತದೆ. ಇಲ್ಲಿ ಹೆತ್ತವರು ತಿಳಿದಿರಬೇಕಾದ ಕೆಲವು ಕಲಮುಗಳಿವೆ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ, ತಯಾರಕರು ನಿರ್ದೇಶಿಸಿ ನೋಂದಣಿ ಪತ್ರದಲ್ಲಿ ನಮೂದಾದ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸಕೂಡದು. ಕೇರಳದಿಂದಲೇ ಹೋದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನು ಎತ್ತಿಹಿಡಿಯಿತು. ಚಕ್ರದ ಪ್ಲಾಸ್ಟಿಕ್ ಮುಚ್ಚಳ ನೋಂದಣಿ ಪತ್ರದ ವಿವರವಲ್ಲ; ಎಂಜಿನ್, ಚಾಸಿಗಳ ಮಾತು ಬೇರೆ. ಸರಕಾರದ ಲಿಖಿತ ಸಮ್ಮತಿಯಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ವೇಗದ ಪಂದ್ಯ ನಡೆಸುವುದು 189ನೆಯ ಕಲಮಿನಂತೆ ಅಪರಾಧ. 2019ರ ತಿದ್ದುಪಡಿಯಿಂದ ಬಂದ 199ಎ ಕಲಮು ಇನ್ನೂ ಕಠಿಣ: ವಾಹನ ಓಡಿಸಿ ಅಪರಾಧವೆಸಗಿದವನು ಅಪ್ರಾಪ್ತನಾದರೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ 3 ವರ್ಷದವರೆಗೆ ಸೆರೆವಾಸ ಮತ್ತು 25,000 ರೂಪಾಯಿ ದಂಡ, ವಾಹನದ ನೋಂದಣಿ 12 ತಿಂಗಳು ರದ್ದು, ಆ ಬಾಲಕನಿಗೆ 25 ವರ್ಷ ತುಂಬುವವರೆಗೆ ಪರವಾನಗಿ ಇಲ್ಲ. ತಮಗೆ ತಿಳಿಯದೆ ನಡೆಯಿತೆಂದೋ ತಡೆಯಲು ತಕ್ಕ ಎಚ್ಚರ ವಹಿಸಿದ್ದೆವೆಂದೋ ಸಾಬೀತುಪಡಿಸುವ ಹೊಣೆ ಪೋಷಕರ ಮೇಲೆಯೇ ಬೀಳುತ್ತದೆ. ಬೀಗದ ಕೈಯನ್ನು ಗೋಡೆಯ ಮೊಳೆಗೆ ತೂಗಹಾಕಿ ಪೇಟೆಗೆ ಹೋದವರಿಗೆ ಅದು ಸುಲಭವಾಗಲಾರದು.

ವೇಗದ ಕುತೂಹಲವನ್ನು ಅಂಗಳದಲ್ಲಿಯೇ ತಣಿಸುವ ಒಂದು ಪ್ರಯೋಗವಿದೆ. ಶಾಲೆಯ ವಿಜ್ಞಾನ ಮೇಳಕ್ಕೂ ಒಗ್ಗುವಂಥದ್ದು. ಸೈಕಲನ್ನು ತಲೆಕೆಳಗಾಗಿ ನಿಲ್ಲಿಸಿ ಹಿಂದಿನ ಚಕ್ರವನ್ನು ಪೆಡಲಿನಿಂದ ತಿರುಗಿಸಬೇಕು. ಊದುಬತ್ತಿಯನ್ನು ಕಡ್ಡಿಗಳ ಹತ್ತಿರ, ಬೆರಳು ತಾಗದಷ್ಟು ದೂರದಲ್ಲಿ ಹಿಡಿದರೆ ಹೊಗೆ ಚೆದರಿ ಹೋಗುವುದು ಕಾಣುತ್ತದೆ. ಬಳಿಕ ಪೆಡಲನ್ನು ಬಿಟ್ಟು, ಚಕ್ರ ತಾನಾಗಿ ನಿಲ್ಲಲು ಎಷ್ಟು ಸೆಕೆಂಡು ಹಿಡಿಯುತ್ತದೆಂದು ಗಡಿಯಾರ ನೋಡಿ ಬರೆದಿಡಬೇಕು. ಆಮೇಲೆ ರಟ್ಟಿನ ದುಂಡು ಹಾಳೆಗಳನ್ನು ಎರಡೂ ಬದಿಗೆ ಕಡ್ಡಿಗಳಿಗೆ ಬಿಗಿಯಾಗಿ ಕಟ್ಟಿ, ಅಷ್ಟೇ ವೇಗದಿಂದ ತಿರುಗಿಸಿ ಮತ್ತೆ ಹೊಗೆಯನ್ನೂ ಸೆಕೆಂಡುಗಳನ್ನೂ ನೋಡುವುದು. ರಟ್ಟಿನ ತೂಕವೇ ಚಕ್ರವನ್ನು ಹೆಚ್ಚು ಹೊತ್ತು ತಿರುಗಿಸೀತೆಂಬ ಸಂಶಯ ಬಂದರೆ, ಅಷ್ಟೇ ತೂಕದ ರಟ್ಟಿನ ತುಂಡುಗಳನ್ನು ಕಡ್ಡಿಗಳಿಗೆ ಅಲ್ಲಲ್ಲಿ ಕಟ್ಟಿ, ನಡುವೆ ಸಂದು ಬಿಟ್ಟು, ಮೂರನೆಯ ಸಲ ಅಳೆಯಬೇಕು.