ಕ್ಯುಸೆಕ್ ಬೇರೆ, ಟಿಎಂಸಿ ಬೇರೆ: ಕಾಲುವೆಯ ಇಂಗ್ಲಿಷ್ ಪದಗಳ ಅರ್ಥವ್ಯತ್ಯಾಸ

ರಾಯಚೂರು ಜಿಲ್ಲೆ ಸಿಂಧನೂರು ತಾಲ್ಲೂಕಿನ ಗೊರೇಬಾಳದ ಸುತ್ತಮುತ್ತ ಶಾಲೆಯ ಮೆಟ್ಟಿಲು ಹತ್ತದ ರೈತರ ಬಾಯಲ್ಲೂ ಕ್ಯುಸೆಕ್, ಟಿಎಂಸಿ, ಗೇಜ್, ಟೇಲೆಂಡ್ ಎಂಬ ಪದಗಳು ಸಲೀಸಾಗಿ ಹರಿದಾಡುತ್ತವೆ. ತುಂಗಭದ್ರಾ ಎಡದಂಡೆ ಕಾಲುವೆಯು ಈ ಸೀಮೆಗೆ ನೀರಿನ ಜೊತೆಯಲ್ಲೇ ತಂದ ಇಂಗ್ಲಿಷ್ ಇದು. ನಗರದ ಓದುಗರಿಗೆ ಇವೇ ಪದಗಳು ಮಳೆಗಾಲದ ಸುದ್ದಿಗಳಲ್ಲಿ ಮಾತ್ರ ಎದುರಾಗುತ್ತವೆ. ಒಂದರ ಜಾಗದಲ್ಲಿ ಇನ್ನೊಂದು ಅಚ್ಚಾದರೂ ಯಾರೂ ಹುಬ್ಬೇರಿಸುವುದಿಲ್ಲ. ಕಾಲುವೆಯ ಕೊನೆ ಭಾಗದಲ್ಲಾದರೆ ಆ ವ್ಯತ್ಯಾಸದ ಮೇಲೆ ಒಂದಿಡೀ ಬೆಳೆ ನಿಂತಿರುತ್ತದೆ.

ಮೊದಲಿಗೆ ಅತಿ ಸಾಮಾನ್ಯವಾದ ಗೊಂದಲ. ಕ್ಯುಸೆಕ್ ಎಂದರೆ ಹರಿವಿನ ಪ್ರಮಾಣ: ಸೆಕೆಂಡಿಗೆ ಒಂದು ಘನ ಅಡಿ, ಅಂದರೆ ಸುಮಾರು 28.3 ಲೀಟರ್. ಟಿಎಂಸಿ ಎಂದರೆ ಸಂಗ್ರಹದ ಅಳತೆ: ನೂರು ಕೋಟಿ ಘನ ಅಡಿ. ನಲ್ಲಿಯಿಂದ ನೀರು ಬೀಳುವ ರಭಸಕ್ಕೂ ಕೊಡದಲ್ಲಿ ತುಂಬಿದ ನೀರಿಗೂ ಇರುವ ಅಂತರವೇ ಇಲ್ಲಿಯದು. ‘ಜಲಾಶಯದಲ್ಲಿ ಇಷ್ಟು ಸಾವಿರ ಕ್ಯುಸೆಕ್ ನೀರಿದೆ’ ಎಂಬ ವಾಕ್ಯಕ್ಕೆ ಅರ್ಥವೇ ಇಲ್ಲ. ಆದರೂ ಅದು ಪ್ರತಿ ವರ್ಷ ಎಲ್ಲೋ ಒಂದು ಕಡೆ ಅಚ್ಚಾಗುತ್ತದೆ. 11,574 ಕ್ಯುಸೆಕ್‌ನಂತೆ ಒಂದು ಹಗಲು, ಒಂದು ರಾತ್ರಿ ಹರಿದರೆ ಒಂದು ಟಿಎಂಸಿ. ಕಾಲುವೆಗೆ 3,000 ಕ್ಯುಸೆಕ್ ಬಿಟ್ಟರೆ ಅಷ್ಟು ನೀರು ಹರಿಯಲು ಸುಮಾರು ನಾಲ್ಕು ದಿನ ಬೇಕು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋಗಿ ಹೊರಹರಿವು ಲಕ್ಷ ಕ್ಯುಸೆಕ್ ಮುಟ್ಟಿದಾಗ ಈ ಲೆಕ್ಕ ಎಲ್ಲರಿಗೂ ಬೇಕಾಯಿತು. ಅದೇ ಪ್ರಮಾಣದಲ್ಲಿ ಒಂದು ದಿನ ಹರಿದರೆ ಎಂಟೂವರೆ ಟಿಎಂಸಿಗೂ ಹೆಚ್ಚು ನೀರು ಕಾಲುವೆಯ ಪಾಲಿಗೆ ಇಲ್ಲವಾಗುತ್ತದೆ.

ಸಾಮರ್ಥ್ಯ ಮತ್ತು ಹಂಚಿಕೆಯೂ ಒಂದೇ ಅಲ್ಲ. ಆರಂಭದಲ್ಲಿ ಸುಮಾರು 133 ಟಿಎಂಸಿ ಇದ್ದ ಜಲಾಶಯದ ಸಾಮರ್ಥ್ಯ ಹೂಳಿನಿಂದಾಗಿ 105.788 ಟಿಎಂಸಿಗೆ ಇಳಿದಿದೆ. ಬಚಾವತ್ ನ್ಯಾಯಮಂಡಳಿ ಲೆಕ್ಕಕ್ಕೆ ಹಿಡಿದ ವಾರ್ಷಿಕ ಬಳಕೆಯಾದರೋ, ಆವಿಯಾಗುವ ನೀರೂ ಸೇರಿ 230 ಟಿಎಂಸಿ. ಇದರಲ್ಲಿ ವಿರೋಧಾಭಾಸವಿಲ್ಲ. ಮಳೆಗಾಲದಲ್ಲಿ ಒಂದೆಡೆ ನೀರು ಬರುತ್ತಿರುವಾಗಲೇ ಇನ್ನೊಂದೆಡೆ ಕಾಲುವೆಗಳಿಗೆ ಹರಿಯುತ್ತಿರುತ್ತದೆ.

ಆದರೆ ಈ ಸೀಮೆಯ ಹಣೆಬರಹವನ್ನು ಬರೆದ ಜೋಡಿಪದ ಬೇರೆಯೇ ಇದೆ: ‘ಪ್ರೊಟೆಕ್ಟಿವ್’ ಮತ್ತು ‘ಪ್ರೊಡಕ್ಟಿವ್’ ನೀರಾವರಿ. ಕನ್ನಡದಲ್ಲಿ ಎರಡನ್ನೂ ಬರಿದೆ ನೀರಾವರಿ ಎಂದು ಬಿಡುತ್ತೇವೆ. ಎರಡನೆಯ ಪದ ಕೇಳಿದೊಡನೆ ಹೆಚ್ಚು ಇಳುವರಿ ನೆನಪಾಗುವುದು ಸಹಜ. ಬ್ರಿಟಿಷರ ಕಾಲದಲ್ಲಿ ಅದು ಲೆಕ್ಕಪತ್ರದ ಮಾತಾಗಿತ್ತು. ಹಾಕಿದ ಬಂಡವಾಳದ ಬಡ್ಡಿಯನ್ನು ತಾನೇ ದುಡಿದು ಕೊಡುವ ಕಾಮಗಾರಿ ‘ಪ್ರೊಡಕ್ಟಿವ್’. ಲಾಭದ ನಿರೀಕ್ಷೆಯಿಲ್ಲದೆ ಬರದಿಂದ ಜನರನ್ನು ಕಾಪಾಡಲು ಕಟ್ಟಿದ್ದು ‘ಪ್ರೊಟೆಕ್ಟಿವ್’. 1876–78ರ ಭೀಕರ ಕ್ಷಾಮದ ನಂತರ ಈ ಎರಡನೆಯ ಬಗೆಗೆ ಮಹತ್ವ ಬಂತು. ಕ್ರಮೇಣ ಅದರ ಅರ್ಥವೂ ಹಿಗ್ಗಿ, ಸ್ವಲ್ಪ ನೀರನ್ನು ಬಹಳ ಎಕರೆಗೆ ತೆಳುವಾಗಿ ಹರಡಿ ಜೋಳ, ಹತ್ತಿಯಂಥ ಬೆಳೆಗಳನ್ನು ಉಳಿಸಿಕೊಳ್ಳುವ ಪದ್ಧತಿಗೆ ಆ ಹೆಸರೇ ನಿಂತಿತು.

ಮದ್ರಾಸ್ ಮತ್ತು ಹೈದರಾಬಾದ್ ಸರ್ಕಾರಗಳು 1945ರಲ್ಲಿ ಜಂಟಿಯಾಗಿ ಕೈಗೊಂಡ ತುಂಗಭದ್ರಾ ಯೋಜನೆಯ ಎಡದಂಡೆ ಭಾಗವನ್ನು ಈ ಎರಡನೆಯ ಅರ್ಥದಲ್ಲೇ ರೂಪಿಸಲಾಯಿತು. ಯಾವ ಸರ್ವೆ ನಂಬರಿಗೆ ಯಾವ ಬೆಳೆ ಎಂಬುದನ್ನೂ ಕಾಗದದ ಮೇಲೆ ಗೊತ್ತುಪಡಿಸಲಾಯಿತು. ಇದೇ ‘ಲೋಕಲೈಸೇಷನ್’. ಸ್ಥಳೀಕರಣ ಎಂದು ಅನುವಾದಿಸಿದರೆ ಇದರ ಗುಟ್ಟು ಬಿಟ್ಟುಕೊಡುವುದಿಲ್ಲ.

ಕಾಗದ ಹೇಳಿದಂತೆ ನೆಲ ಕೇಳಲಿಲ್ಲ. ಕರಾವಳಿ ಆಂಧ್ರದಿಂದ ಬಂದು ಭೂಮಿ ಕೊಂಡು ‘ಕ್ಯಾಂಪ್’ಗಳಲ್ಲಿ ನೆಲೆನಿಂತ ರೈತರು ಭತ್ತದ ಬೇಸಾಯವನ್ನು ವಿಸ್ತರಿಸಿದರು, ಸ್ಥಳೀಯರೂ ಅದನ್ನೇ ಹಿಡಿದರು. ಸಿಂಧನೂರು ಭತ್ತದ ಕಣಜವೆನಿಸಿತು. ಜೋಳ ಕೇಳುವುದಕ್ಕಿಂತ ಹಲವು ಪಟ್ಟು ನೀರನ್ನು ಭತ್ತ ಕೇಳುತ್ತದೆ. ಮೇಲ್ಭಾಗದಲ್ಲಿ ಅದು ಖರ್ಚಾದಷ್ಟೂ ಮಾನ್ವಿ, ರಾಯಚೂರು ಕಡೆಯ ಕೊನೆ ಭಾಗಕ್ಕೆ ಬರಿಯ ತೋಡೇ ಉಳಿಯಿತು. ಭತ್ತ ಬೆಳೆದವರನ್ನು ಮಾತ್ರ ದೂರುವುದು ಸುಲಭ. ಬೆಲೆ, ಗಿರಣಿ, ಸಾಲ ಎಲ್ಲವೂ ಭತ್ತದ ಬೆನ್ನಿಗೆ ನಿಂತಿರುವಾಗ ನಕಾಶೆಯನ್ನು ನೋಡಿ ಜೋಳ ಬಿತ್ತುವವರು ಎಷ್ಟು ಮಂದಿ?

ಇಲ್ಲಿಯೇ ಇನ್ನೆರಡು ಪದಗಳು ಅದಲುಬದಲಾಗುತ್ತವೆ. ಅಚ್ಚುಕಟ್ಟಿನೊಳಗಿನ ಹೊಲದಲ್ಲಿ ಗೊತ್ತುಪಡಿಸಿದ ಬೆಳೆ ಬಿಟ್ಟು ಭತ್ತ ಬೆಳೆದರೆ ಅದು ‘ವಯೊಲೇಷನ್’, ಅಂದರೆ ಬೆಳೆ ಉಲ್ಲಂಘನೆ. ಅಚ್ಚುಕಟ್ಟಿನ ಹೊರಗಿದ್ದು ಪಂಪ್ ಅಥವಾ ಪೈಪ್ ಇಟ್ಟು ನೀರೆತ್ತಿದರೆ ಅದು ‘ಅನ್‌ಆಥರೈಸ್ಡ್’, ಅನಧಿಕೃತ. ಮೊದಲನೆಯವರಿಗೆ ನೀರಿನ ಹಕ್ಕಿದೆ, ತಗಾದೆ ಇರುವುದು ಪ್ರಮಾಣದಲ್ಲಿ. ಎರಡನೆಯವರಿಗೆ ಹಕ್ಕೇ ಇಲ್ಲ. ಸುದ್ದಿಗಳಲ್ಲಿ ಎರಡೂ ‘ಅಕ್ರಮ ನೀರಾವರಿ’ ಆಗಿಬಿಡುವುದರಿಂದ ಪೈಪ್ ಕಿತ್ತ ಮಾತ್ರಕ್ಕೆ ಸಮಸ್ಯೆ ಮುಗಿಯಿತೆಂಬ ಭ್ರಮೆ ಹುಟ್ಟುತ್ತದೆ.

ಕೊನೆಯದು ಗೇಜ್. ಎಂಜಿನಿಯರುಗಳ ಲೆಕ್ಕ ಕ್ಯುಸೆಕ್‌ನಲ್ಲಿರುತ್ತದೆ. ರೈತರ ಬೇಡಿಕೆ 69ನೇ ಮೈಲು, 104ನೇ ಮೈಲಿನಲ್ಲಿ ಇಷ್ಟು ಅಡಿ ಗೇಜ್ ಕಾಯ್ದುಕೊಳ್ಳಿ ಎಂದಿರುತ್ತದೆ. ಗೇಜ್ ತೋರಿಸುವುದು ನೀರಿನ ಎತ್ತರವನ್ನು ಮಾತ್ರ. ತಳದಲ್ಲಿ ಹೂಳು, ದಡದಲ್ಲಿ ಜೊಂಡು ತುಂಬಿದ ಕಾಲುವೆಯಲ್ಲಿ ಪಟ್ಟಿಯ ಮೇಲಿನ ಅಡಿ ಮೊದಲಿನಷ್ಟೇ ಇದ್ದು ಹರಿವು ಕಡಿಮೆಯಾಗಿರಬಹುದು. ಆಗ ಕಚೇರಿಯ ಪುಸ್ತಕದಲ್ಲಿ ನೀರು ತಲುಪಿರುತ್ತದೆ, ಕೊನೆಯ ತೂಬಿನ ರೈತ ಇನ್ನೂ ದಾರಿ ಕಾಯುತ್ತಿರುತ್ತಾನೆ.